ಕರೆಂಟು ಏರಿದರೆ ಬಿಳಿ ಬೆಳಕೇಕೆ ನೀಲಿಯಾಗುತ್ತದೆ?

ಪ್ರಶ್ನೆ: ಟಾರ್ಚ್ ಮಾಡಿಕೊಳ್ಳಲು ಕ್ರೀ ಕಂಪನಿಯ ಎರಡು ಎಕ್ಸ್‌ಎಂ-ಎಲ್ ಎಲ್‌ಇಡಿ ತರಿಸಿದೆ. ಒಂದು ಟಿ6, ಇನ್ನೊಂದು ಯು2. ಯು2 ಹೆಚ್ಚು ಬೆಳಕು ಕೊಡುತ್ತದೆ ಅನ್ನುತ್ತಾರೆ. ನನಗೆ ಕಂಡದ್ದು ಬಣ್ಣದ ವ್ಯತ್ಯಾಸ ಮಾತ್ರ. ಕರೆಂಟು ಏರಿಸಿದರೆ ಎರಡೂ ನೀಲಿಗೆ ತಿರುಗುತ್ತವೆ. ಯಾಕೆ? ಹೋಲಿಸುವುದು ಹೇಗೆ?

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಟಿ6, ಯು2 ಎಂಬುವು ಬೆಳಕಿನ ಪ್ರಮಾಣದ ದರ್ಜೆಗಳು: 700 ಮಿಲಿಆಂಪಿಯರ್ ಕರೆಂಟಿಗೆ ಟಿ6 ಕನಿಷ್ಠ 280 ಲುಮೆನ್ ಕೊಡಬೇಕು, ಯು2 ಕನಿಷ್ಠ 300. ಅಂತರ ನೂರಕ್ಕೆ ಏಳು. ಒಂದಾದ ಮೇಲೊಂದು ಹೊತ್ತಿಸಿ ನೋಡಿದರೆ ಇಷ್ಟು ಅಂತರ ಯಾರ ಕಣ್ಣಿಗೂ ಸಿಗುವುದಿಲ್ಲ. ಬಣ್ಣದಲ್ಲಾದರೆ ತೀರ ಸಣ್ಣ ವ್ಯತ್ಯಾಸವನ್ನೂ ಕಣ್ಣು ಹಿಡಿಯುತ್ತದೆ.

ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಚಿಪ್ಪಿನ ನೀಲಿಯಲ್ಲಿ ಒಂದು ಪಾಲನ್ನು ಲೇಪ ಹೀರಿ ಹಳದಿಯಾಗಿ ಹೊರಬಿಡುತ್ತದೆ, ಉಳಿದ ನೀಲಿ ಹಾಗೆಯೇ ದಾಟಿ ಬರುತ್ತದೆ. ಎರಡೂ ಬೆರೆತದ್ದನ್ನು ನಾವು ಬಿಳಿ ಅನ್ನುತ್ತೇವೆ. ಕರೆಂಟು ಏರಿದಾಗ ಈ ಬೆರಕೆಯ ಪ್ರಮಾಣವೇ ಕೆಡುತ್ತದೆ. ಚಿಪ್ ಹೊರಡಿಸುವ ನೀಲಿಯ ತರಂಗಾಂತರ ತುಸು ಕಿರಿದಾಗುತ್ತದೆ, ಅದನ್ನು ಲೇಪ ಮೊದಲಿನಷ್ಟು ಚೆನ್ನಾಗಿ ಹೀರುವುದಿಲ್ಲ. ಜೊತೆಗೆ ಬಿಸಿ: ಕಾದ ಫಾಸ್ಫರ್ ಹೀರಿದ ನೀಲಿಯನ್ನೆಲ್ಲ ಹಳದಿಯಾಗಿಸಲಾರದು. ಹಳದಿ ಕುಗ್ಗಿ ನೀಲಿ ಎದ್ದು ಕಾಣುತ್ತದೆ.

ಅದೇ ಹೊತ್ತಿಗೆ ಚಿಪ್ಪಿನ ದಕ್ಷತೆಯೂ ಇಳಿಯುತ್ತದೆ. 700 ಮಿಲಿಆಂಪಿಯರ್‌ನಿಂದ ಈ ಎಲ್‌ಇಡಿಯ ಮಿತಿಯಾದ 3 ಆಂಪಿಯರ್‌ಗೆ ಹೋದರೆ ಕರೆಂಟು ನಾಲ್ಕು ಪಟ್ಟು ದಾಟುತ್ತದೆ. ಬೆಳಕು ಹೆಚ್ಚುವುದು ಸುಮಾರು ಮೂರೂಕಾಲು ಪಟ್ಟು, ಅದೂ ಚಿಪ್ ತಣ್ಣಗಿದ್ದರೆ. ಹೀಗಾಗಿ ಹೀಟ್‌ಸಿಂಕ್ ಚೆನ್ನಾಗಿರುವ ಟಿ6, ಬಿಸಿಯಲ್ಲಿ ಬೇಯುವ ಯು2ಅನ್ನು ಸಲೀಸಾಗಿ ಹಿಂದಿಕ್ಕಬಹುದು.

ಹಾಗಾಗಿ ಹೋಲಿಸುವಾಗ ಎರಡನ್ನೂ ಒಂದೇ ಬಗೆಯ ತಾಮ್ರದ ಬೋರ್ಡಿನ ಮೇಲೆ ಬೆಸುಗೆ ಹಾಕಿ, ಒಂದೇ ಹೀಟ್‌ಸಿಂಕಿಗೆ ಕೂರಿಸಿ, ಸರಣಿಯಲ್ಲಿ ಜೋಡಿಸಿ. ಸರಣಿಯಲ್ಲಿದ್ದರೆ ಎರಡರಲ್ಲೂ ಹರಿಯುವುದು ಒಂದೇ ಕರೆಂಟು, ಅದರ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. ರಿಫ್ಲೆಕ್ಟರ್ ಬೇಡ. ಕತ್ತಲೆ ಕೋಣೆಯಲ್ಲಿ ಬೆಳಕನ್ನು ಬಿಳಿ ಚಾವಣಿಗೆ ಬಿಟ್ಟು, ನೇರ ಬೆಳಕು ತಾಗದ ಜಾಗದಲ್ಲಿ ಲಕ್ಸ್ ಮೀಟರ್ ಇಡಿ. ಒಂದನ್ನು ಬಿಸಿ ತಾಳುವ ಕಪ್ಪು ಮುಚ್ಚಳದಿಂದ ಸ್ವಲ್ಪ ಹೊತ್ತು ಮರೆಮಾಡಿ ಇನ್ನೊಂದನ್ನು ಅಳೆಯಿರಿ, ಆಮೇಲೆ ಅದಲು ಬದಲು. ಹೊತ್ತಿಸಿದ ಕೂಡಲೇ ಒಂದು ಸಲ, ಐದಾರು ನಿಮಿಷ ಬಿಟ್ಟು ಇನ್ನೊಂದು ಸಲ ಅಳೆಯುವುದು ಮುಖ್ಯ. ನನ್ನ ಮಟ್ಟಿಗೆ ಎರಡನೆಯ ಅಂಕಿಯೇ ನಿಜವಾದದ್ದು, ಟಾರ್ಚು ಕೈಯಲ್ಲಿರುವಷ್ಟು ಹೊತ್ತು ಸಿಗುವ ಬೆಳಕು ಅದು.

ಬಣ್ಣಕ್ಕಾದರೆ ಎರಡರ ಬೆಳಕನ್ನೂ ಒಂದೇ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಬೀಳಿಸಿ ನೋಡಬೇಕು. ಒಂಟಿಯಾಗಿ ನೋಡಿದರೆ ಕಣ್ಣು ಕ್ಷಣದಲ್ಲೇ ಹೊಂದಿಕೊಂಡು ಯಾವುದನ್ನೂ ಬಿಳಿ ಎಂದೇ ಒಪ್ಪಿಬಿಡುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಅದೂ ಹೀಗೆಯೇ ಮಾಡುತ್ತದೆ; ಡೇಲೈಟಿಗೆ ಕಟ್ಟಿಹಾಕಿ. ಎಲ್‌ಇಡಿಗಳನ್ನು ಮಾತ್ರ ನೇರವಾಗಿ ದಿಟ್ಟಿಸಬೇಡಿ.

ಇನ್ನೊಂದು ಮಾತು. ಲುಮೆನ್ ಎಂಬುದು ನಮ್ಮ ಕಣ್ಣಿನ ಸಂವೇದನೆಗೆ ತಕ್ಕಂತೆ ತೂಗಿದ ಅಳತೆ. 555 ನ್ಯಾನೊಮೀಟರಿನ ಹಸಿರಿಗೆ ಪೂರ್ಣ ಅಂಕ, 450ರ ನೀಲಿಗೆ ನೂರಕ್ಕೆ ಬರೀ ನಾಲ್ಕು. ಅಷ್ಟೇ ಶಕ್ತಿ ಹೊರಬಂದರೂ ತುಸು ಹಸಿರು ಬೆರೆತದ್ದು ಹೆಚ್ಚು ಲುಮೆನ್ ತೋರಿಸುತ್ತದೆ. ಆ ಹಸಿರು ಛಾಯೆಯಲ್ಲಿ ಮುಖ, ಮಣ್ಣು, ಎಲೆ ಎಲ್ಲವೂ ಕಳೆಗುಂದಿ ಕಾಣುತ್ತವೆ. ನಾನಾದರೆ ಏಳು ಶೇಕಡಾ ಬೆಳಕನ್ನು ಬಿಟ್ಟುಕೊಟ್ಟು ಒಳ್ಳೆಯ ಬಣ್ಣದ ಟಿ6 ಆರಿಸುತ್ತೇನೆ. ಮುಂದಿನ ಸಲ ಕೊಳ್ಳುವಾಗ ಛಾಯೆಯ ಸಂಕೇತವನ್ನೂ ಕೇಳಿ ತಿಳಿದುಕೊಳ್ಳಿ: 1ಎ, 1ಡಿ ಮುಂತಾದವು 6500 ಕೆಲ್ವಿನ್ ಆಸುಪಾಸಿನ ತಣ್ಣನೆಯ ಬಿಳಿ, 3ಸಿ ಸುಮಾರು 5000 ಕೆಲ್ವಿನ್.