ಎಂಡೋಸ್ಕೋಪಿ ಕಲಿಸುವಿರಾ? ಮೊದಲು ಕಣ್ಣು ಪಳಗಿಸಿ

ಎಂಡೋಸ್ಕೋಪಿ ರೂಮಿಗೆ ಹೊಸದಾಗಿ ಬಂದ ಕಿರಿಯ ವೈದ್ಯರಿಗೆ ಸ್ಕೋಪ್ ಹಿಡಿಯುವುದನ್ನು ಎಲ್ಲರೂ ಕಲಿಸುತ್ತಾರೆ. ಚಕ್ರ ತಿರುಗಿಸುವುದು, ಗಾಳಿ ಬಿಡುವುದು, ಪೈಲೋರಸ್ ದಾಟುವುದು ಇವೆಲ್ಲ ಕೆಲವು ತಿಂಗಳಲ್ಲಿ ಕೈಗೆ ಬಂದುಬಿಡುತ್ತವೆ. ಮಾನಿಟರಿನಲ್ಲಿ ಕಂಡದ್ದು ಏನು ಎಂದು ಹೇಳುವುದು ಮಾತ್ರ ಅಷ್ಟು ಸುಲಭಕ್ಕೆ ಬರುವುದಿಲ್ಲ. "ನೋಡ್ತಾ ನೋಡ್ತಾ ಬರುತ್ತೆ ಬಿಡಿ" ಎನ್ನುವ ಹಿರಿಯರೇ ಹೆಚ್ಚು. ಬರುತ್ತದೆ, ನಿಜ. ಅಷ್ಟರಲ್ಲಿ ಎಷ್ಟು ಜನರ ಆರಂಭದ ಕ್ಯಾನ್ಸರ್ ಕಣ್ತಪ್ಪಿ ಹೋಗಿರುತ್ತದೋ ಯಾರು ಲೆಕ್ಕ ಇಟ್ಟಿದ್ದಾರೆ? ಚಿತ್ರ, ವಿಡಿಯೊ, ಚಾರ್ಟುಗಳನ್ನು ಜಾಣತನದಿಂದ ಬಳಸಿದರೆ ಈ ಕಲಿಕೆಯ ದೊಡ್ಡ ಪಾಲನ್ನು ರೋಗಿಯ ಮೈಮೇಲೆ ಮಾಡಬೇಕಾಗಿಲ್ಲ. ಕಲಿಸುವ ಹಿರಿಯ ವೈದ್ಯರಿಗಾಗಿ ಕೆಲವು ಸೂತ್ರಗಳು ಇಲ್ಲಿವೆ.

1. ಮೊದಲ ಪಾಠ ಆರೋಗ್ಯವಂತ ಹೊಟ್ಟೆಯದ್ದಾಗಲಿ

ಅಟ್ಲಾಸ್ ತೆರೆದರೆ ಪುಟಪುಟದಲ್ಲೂ ಕಾಯಿಲೆ. ಸಹಜ ಯಾವುದೆಂದು ತಿಳಿಯದವನಿಗೆ ಅಸಹಜ ಕಾಣುವುದಾದರೂ ಹೇಗೆ? ಒಂದೇ ಜಾಗವನ್ನು ಬೇರೆಬೇರೆ ಜನರಲ್ಲಿ, ಗಾಳಿ ತುಂಬಿದಾಗ ಮತ್ತು ತುಂಬದಿದ್ದಾಗ ತೆಗೆದ ಚಿತ್ರಗಳನ್ನು ಧಾರಾಳವಾಗಿ ತೋರಿಸಿ. ಸೋಂಕಿಲ್ಲದ ಜಠರದ ಒಳಪದರದ ಹತ್ತಿರ ಸ್ಕೋಪ್ ಒಯ್ದರೆ, ಅದರಲ್ಲೂ ಕಿರಿಬಾಗಿನ (ಲೆಸ್ಸರ್ ಕರ್ವೇಚರ್) ಕೆಳಭಾಗದಲ್ಲಿ, ಸಣ್ಣ ಕೆಂಪು ಚುಕ್ಕಿಗಳು ಸಮ ಅಂತರದಲ್ಲಿ ಹರಡಿಕೊಂಡಿರುತ್ತವೆ. ಅವು ರಕ್ತ ಕೂಡಿಸುವ ಪುಟ್ಟ ಅಭಿಧಮನಿಗಳು. ಹೆಲಿಕೊಬ್ಯಾಕ್ಟರ್ ಹೊಕ್ಕ ಜಠರದಲ್ಲಿ ಈ ಸಾಲು ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಎರಡೂ ಬಗೆಯನ್ನು ಒಂದು ಮಧ್ಯಾಹ್ನ ತೋರಿಸಿ ನೋಡಿ. ಮರುದಿನದಿಂದ ಪಿಜಿ ವಿದ್ಯಾರ್ಥಿಗಳು ಅವನ್ನು ತಾವೇ ಹುಡುಕತೊಡಗುತ್ತಾರೆ.

2. ಒಂಟಿ ಚಿತ್ರ ಬೇಡ, ಜೋಡಿ ಇಡಿ

ನಮ್ಮ ದೇಶದಲ್ಲಿ ಇದಕ್ಕೆ ಕರುಳಿನ ಕ್ಷಯಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಮೂಲೆಯನ್ನೇ ಹೆಚ್ಚಾಗಿ ಹಿಡಿಯುತ್ತವೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು ಎರಡರಲ್ಲೂ ಉಂಟು. ಕ್ಷಯವನ್ನು ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಸೋಂಕು ಮೈಯೆಲ್ಲ ಹರಡಬಹುದು. ಕ್ರೋನ್ಸ್ ಅನ್ನು ಕ್ಷಯವೆಂದುಕೊಂಡರೆ ರೋಗಿ ತಿಂಗಳುಗಟ್ಟಲೆ ಬೇಡದ ಮಾತ್ರೆ ನುಂಗಬೇಕು.

ಈಗ ಎರಡರ ಚಿತ್ರವನ್ನು ಪರದೆಯ ಮೇಲೆ ಅಕ್ಕಪಕ್ಕ ಇಡಿ. ಕ್ಷಯದ ಹುಣ್ಣು ಸಾಮಾನ್ಯವಾಗಿ ಕರುಳಿಗೆ ಅಡ್ಡಲಾಗಿ ಸುತ್ತಿಕೊಂಡಿರುತ್ತದೆ, ಇಲಿಯೋಸೀಕಲ್ ಕವಾಟ ಮುಚ್ಚಲಾರದೆ ಬಾಯಿ ಬಿಟ್ಟುಕೊಂಡಿರುತ್ತದೆ. ಕ್ರೋನ್ಸ್‌ನ ಹುಣ್ಣು ಉದ್ದಕ್ಕೆ ಹರಿಯುತ್ತದೆ, ನಡುನಡುವೆ ಚೆನ್ನಾಗಿರುವ ಜಾಗ ಬಿಟ್ಟು ಮತ್ತೆ ಶುರುವಾಗುತ್ತದೆ, ಸುತ್ತ ಪುಟ್ಟ ಆಫ್ತಸ್ ಹುಣ್ಣುಗಳಿರುತ್ತವೆ. ಇದನ್ನು ನೀವು ಹೇಳಬೇಡಿ, ಅವರ ಬಾಯಿಂದಲೇ ಬರಲಿ. ಕೊನೆಯ ಜೋಡಿ ಮಾತ್ರ ಬೇಕೆಂದೇ ಗೊಂದಲದ್ದಾಗಿರಲಿ. "ನೋಡಿ ಹೇಳಲಾಗದು ಸರ್, ಬಯಾಪ್ಸಿ ಬೇಕು" ಎಂದವರಿಗೆ ಪೂರ್ತಿ ಅಂಕ ಕೊಡಿ.

3. ವರ್ಣನೆ ಮೊದಲು, ಹೆಸರು ಆಮೇಲೆ

ಚಿತ್ರ ಕಂಡ ಕೂಡಲೇ "ಪಾಲಿಪ್!" ಎಂದು ಕೂಗುವುದು ಕಿರಿಯರ ಚಾಳಿ. ಎಲ್ಲಿದೆ, ಎಷ್ಟು ದೊಡ್ಡದು, ಉಬ್ಬಿದೆಯೋ ತಗ್ಗಿದೆಯೋ, ಬಣ್ಣವೇನು, ಅಂಚು ಹೇಗಿದೆ ಎಂಬ ಐದು ಉತ್ತರ ಬರುವ ತನಕ ಹೆಸರು ಹೇಳಲು ಬಿಡಬೇಡಿ. ಆಕಾರಕ್ಕೆ 2002ರ ಪ್ಯಾರಿಸ್ ಕಾರ್ಯಾಗಾರದಿಂದ ಹುಟ್ಟಿದ ವರ್ಗೀಕರಣ ಇದ್ದೇ ಇದೆ. ತೊಟ್ಟಿರುವ ಪಾಲಿಪ್, ತೊಟ್ಟಿಲ್ಲದ ಗಂಟು, ತುಸು ಎತ್ತರದ್ದು, ಚಪ್ಪಟೆ, ತುಸು ತಗ್ಗಿದ್ದು, ಗುಳಿ ಬಿದ್ದದ್ದು ಎಂಬ ಆರು ಬಗೆಗೆ ಆರು ಗೆರೆಚಿತ್ರ ಸಾಕು. ಅವನ್ನು ಪಿಜಿಗಳೇ ಪೆನ್ಸಿಲ್ಲಿನಲ್ಲಿ ಬರೆಯಲಿ. ಕಂಡದ್ದನ್ನು ಗೆರೆಗೆ ಇಳಿಸಿದ ಕಣ್ಣು ಅಂಚನ್ನು ಮರೆಯುವುದಿಲ್ಲ.

ಗಾತ್ರದ ವಿಷಯದಲ್ಲಿ ಕಣ್ಣಂದಾಜು ನಂಬಬೇಡಿ. ಸ್ಕೋಪಿನ ಲೆನ್ಸಿಗೆ ಹತ್ತಿರವಿದ್ದದ್ದು ಹಿಗ್ಗಿ ಕಾಣುತ್ತದೆ. ಬಾಯಿ ತೆರೆದ ಬಯಾಪ್ಸಿ ಫೋರ್ಸೆಪ್ಸ್ ಸುಮಾರು 7 ಮಿ.ಮೀ. ಅಗಲ, ಅದನ್ನು ಪಕ್ಕಕ್ಕಿಟ್ಟು ತೆಗೆದ ಚಿತ್ರವೇ ಪಾಠಕ್ಕೆ ಲೇಸು.

4. ಅಧ್ಯಾಯದ ಪ್ರಕಾರ ಬಡಿಸಬೇಡಿ, ಕಲಸಿ ಕೊಡಿ

ಸೋಮವಾರ ಬರೀ ಅಲ್ಸರ್, ಮಂಗಳವಾರ ಬರೀ ಕ್ಯಾನ್ಸರ್ ಎಂದರೆ ಉತ್ತರ ಮೊದಲೇ ಬಯಲಾದಂತೆ. ಇಸಿಜಿ ಓದುವುದನ್ನು ಕಲಿಸುವ ಬಗ್ಗೆ ಕೆನಡಾದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆಗಳನ್ನು ಬೆರೆಸಿ ಅಭ್ಯಾಸ ಮಾಡಿದವರು ಒಂದೊಂದಾಗಿ ಕಲಿತವರಿಗಿಂತ ಚೆನ್ನಾಗಿ ಗುರುತಿಸಿದರು. ಸ್ಕೋಪಿನ ಚಿತ್ರಕ್ಕೂ ಅದೇ ದಾರಿ ಹಿಡಿಯಿರಿ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ಮುಂದಿನ ಸ್ಲೈಡ್ ಒತ್ತಿ. ಬರೆಯದೆ ಕೂತರೆ ಎಲ್ಲರೂ "ನಾನೂ ಅದೇ ಅಂದುಕೊಂಡೆ" ಎನ್ನುವವರೇ.

5. ಗೋಡೆಯ ಚಾರ್ಟು ಮುಂದಿನ ಹೆಜ್ಜೆ ಹೇಳಲಿ

ರಕ್ತ ಸೋರುವ ಹುಣ್ಣಿಗೆ 1974ರ ಫಾರೆಸ್ಟ್ ವರ್ಗೀಕರಣವಿದೆ. ರಕ್ತ ಚಿಮ್ಮುವ 1ಎ ಯಿಂದ ಹಿಡಿದು ತಳ ಶುಭ್ರವಾಗಿರುವ 3ರ ತನಕ ಚಿತ್ರಗಳನ್ನು ಅಂಟಿಸಿದರೆ ಅರ್ಧ ಕೆಲಸವಾಯಿತು. ಉಳಿದರ್ಧ ಅದರ ಕೆಳಗಿನ ಸಾಲು: ಇದಕ್ಕೆ ಈಗಲೇ ಕ್ಲಿಪ್ ಹಾಕು, ಇದಕ್ಕೆ ಔಷಧಿ ಸಾಕು. ಹೆಪ್ಪುಗಟ್ಟಿದ ರಕ್ತ ಅಂಟಿಕೊಂಡ 2ಬಿ ಗೆ ಎರಡು ಚಿತ್ರ ಹಾಕಿ, ನೀರು ಬಿಟ್ಟು ತೊಳೆಯುವ ಮೊದಲಿನದು ಮತ್ತು ತೊಳೆದ ನಂತರದ್ದು. ತೊಳೆಯದೆ ಗ್ರೇಡ್ ಬರೆಯುವ ಅಭ್ಯಾಸ ಅಲ್ಲಿಗೆ ನಿಲ್ಲುತ್ತದೆ.

ಎಲ್ಲ ಚಾರ್ಟೂ ಹೊರದೇಶದ್ದೇ ಎಂದುಕೊಳ್ಳಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಕುಡಿದು ಬಂದವರ ಅನ್ನನಾಳ ನೋಡುವಾಗ ಬಳಸುವ ಜರ್ಗರ್ ಗ್ರೇಡಿಂಗ್ 1991ರಲ್ಲಿ ಚಂಡೀಗಢದಿಂದ ಬಂದದ್ದು. ಅದರಲ್ಲಿ 2ಎ ಮತ್ತು 2ಬಿ ನಡುವಿನ ಗೆರೆಯನ್ನು ಕಣ್ಣಿಗೆ ಕಟ್ಟಿಸಿಬಿಡಿ. ಮುಂದೆ ಅನ್ನನಾಳ ಕಿರಿದಾಗುವ ಭಯ ಹೆಚ್ಚುವುದು ಆ ಗೆರೆ ದಾಟಿದ ಮೇಲೆ. ಜಠರದ ಉಬ್ಬಿದ ರಕ್ತನಾಳಗಳಿಗೆ ಜಗತ್ತೇ ಬಳಸುವ ಸರಿನ್ ವರ್ಗೀಕರಣವೂ ನಮ್ಮದೇ.

6. ಕಾಣದೆ ಉಳಿದ ಮೂಲೆಯನ್ನೂ ಚಿತ್ರವೇ ಹೇಳಲಿ

ಜಪಾನಿನ ಕೆನ್ಶಿ ಯಾವೊ ಅವರು ಜಠರವನ್ನು 22 ಚಿತ್ರಗಳಲ್ಲಿ ಹಂಚಿ ಒಂದು ಕ್ರಮ ಹಾಕಿಕೊಟ್ಟಿದ್ದಾರೆ. ಸ್ಕೋಪ್ ನೇರವಾಗಿದ್ದಾಗ ಆಂಟ್ರಮ್, ಜಠರದ ದೇಹದ ಕೆಳಭಾಗ, ದೇಹದ ಮಧ್ಯ-ಮೇಲ್ಭಾಗ ಎಂಬ ಮೂರು ಜಾಗಗಳಲ್ಲಿ ನಾಲ್ಕು ದಿಕ್ಕಿಗೆ ನಾಲ್ಕರಂತೆ 12. ಹಿಂದಕ್ಕೆ ಬಗ್ಗಿಸಿ ನೋಡುವಾಗ 10. ಇಷ್ಟು ಖಾನೆಗಳ ಹಾಳೆಯೊಂದನ್ನು ಮುದ್ರಿಸಿ, ಪಿಜಿ ತೆಗೆದ ಚಿತ್ರಗಳನ್ನು ಅದರಲ್ಲಿ ಕೂರಿಸಲು ಹೇಳಿ. ಹಿಂಗೋಡೆಯ ಖಾನೆ ಖಾಲಿ ಉಳಿದರೆ ಬೈಯುವ ಅಗತ್ಯವೇ ಬೀಳುವುದಿಲ್ಲ. ಜಪಾನಿನ ಜಠರ ಕ್ಯಾನ್ಸರ್ ತಪಾಸಣೆಯಲ್ಲಿ ಒಬ್ಬರು ತೆಗೆದ ಚಿತ್ರಗಳನ್ನು ಇನ್ನೊಬ್ಬ ವೈದ್ಯರು ಮತ್ತೆ ಕೂತು ನೋಡುವ ಪದ್ಧತಿಯೂ ಇದೆ. ವಾರಕ್ಕೊಂದು ಗಂಟೆ ನಾವೂ ಮಾಡಬಹುದಾದದ್ದೇ.

7. ಕತ್ತರಿಸದ ವಿಡಿಯೊ ಹಾಕಿ

ಸ್ಲೈಡಿನ ಚಿತ್ರ ಒಂದು ರೀತಿಯಲ್ಲಿ ಮೋಸ. ಯಾರೋ ಆಗಲೇ ಗಾಯವನ್ನು ಹುಡುಕಿ, ತೊಳೆದು, ನಡುಮಧ್ಯಕ್ಕೆ ತಂದು ಫ್ರೀಜ್ ಒತ್ತಿರುತ್ತಾರೆ. ನಿಜವಾದ ಪರೀಕ್ಷೆಯಲ್ಲಿ ಆ ಕೆಂಪು ಮಚ್ಚೆ ನೊರೆಯ ಹಿಂದೆ ಅರೆಕ್ಷಣ ಮಿಂಚಿ ಮರೆಯಾಗುತ್ತದೆ. ಅರ್ಧ ನಿಮಿಷದ ಹಸಿ ವಿಡಿಯೊ ಓಡಿಸಿ, ಕಂಡಾಗ "ನಿಲ್ಲಿಸಿ" ಎನ್ನಲು ಹೇಳಿ. ಏನೂ ಇಲ್ಲದ ವಿಡಿಯೊಗಳೂ ನಡುವೆ ಇರಲಿ.

8. ನೀಲಿ ಬೆಳಕು ಎರಡನೇ ಪಾಠ

ಎನ್‌ಬಿಐ ಬಟನ್ ಒತ್ತಿದರೆ 415 ಮತ್ತು 540 ನ್ಯಾನೊಮೀಟರ್ ಸುತ್ತಲಿನ ಬೆಳಕು ಮಾತ್ರ ಉಳಿಯುತ್ತದೆ. ಅದನ್ನು ಹಿಮೋಗ್ಲೋಬಿನ್ ಹೀರುವುದರಿಂದ ರಕ್ತನಾಳಗಳು ಕಡುವಾಗಿ ಎದ್ದು ಕಾಣುತ್ತವೆ. ಚೆಂದ ಕಾಣುತ್ತದೆಂದು ಕಿರಿಯರು ಅದನ್ನೇ ಒತ್ತುತ್ತಿರುತ್ತಾರೆ. ಬಿಳಿ ಬೆಳಕಿನಲ್ಲಿ ಅನುಮಾನ ಪಡಲು ಬಾರದವರಿಗೆ ನೀಲಿ ಬೆಳಕು ಏನೂ ಕಲಿಸದು. ಅನುಮಾನದ ಜಾಗಕ್ಕೆ ಎಐ ಹಾಕುವ ಚೌಕಗಳಿಗೂ ಇದೇ ಮಾತು: ಮೊದಲು ಅವರು ಗುರುತು ಹಾಕಲಿ, ಆಮೇಲೆ ಯಂತ್ರ ಹಾಕಲಿ.

9. ಬಯಾಪ್ಸಿ ರಿಪೋರ್ಟ್ ಇಲ್ಲದ ಚಿತ್ರ ಪಾಠಕ್ಕೆ ಬೇಡ

"ನನಗೆ ಕ್ಯಾನ್ಸರ್ ಅನಿಸಿತು" ಎಂಬುದು ಉತ್ತರವಾಗದು. ಚಿತ್ರದ ಮೂಲೆಯಲ್ಲಿರುವ ರೋಗಿಯ ಹೆಸರು, ಆಸ್ಪತ್ರೆ ನಂಬರ್ ಅಳಿಸಿ, ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊದಂತೆ ಕಳಿಸಿದರೆ ಸೂಕ್ಷ್ಮ ವಿವರ ಸವೆದುಹೋಗುತ್ತದೆ, ಗುಟ್ಟೂ ಉಳಿಯದು.

10. ಸಂಗ್ರಹ ಇಂದೇ ಶುರು ಮಾಡಿ

ಚಿತ್ರಗಳಿಲ್ಲ ಎನ್ನುವ ನೆಪಕ್ಕೆ ಈಗ ಜಾಗವಿಲ್ಲ. ನಾರ್ವೆಯವರು 2020ರಲ್ಲಿ ಬಿಡುಗಡೆ ಮಾಡಿದ ಹೈಪರ್‌ಕ್ವಾಸಿರ್ ಸಂಗ್ರಹದಲ್ಲಿ 1,10,079 ಚಿತ್ರ, 374 ವಿಡಿಯೊ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಹೆಸರು ಹಚ್ಚಿದ ಚಿತ್ರಗಳು 10,662. ಪಾಲಿಪ್, ಅನ್ನನಾಳದ ಉರಿಯೂತ, ಅಲ್ಸರೇಟಿವ್ ಕೊಲೈಟಿಸ್ ಕಲಿಸಲು ಧಾರಾಳ ಸಾಕು. ಕರುಳಿನ ಕ್ಷಯದ ವಿಭಾಗ ಮಾತ್ರ ಅದರಲ್ಲಿಲ್ಲ. ಆ ಫೋಲ್ಡರನ್ನು ನಮ್ಮ ಮೆಡಿಕಲ್ ಕಾಲೇಜುಗಳ ಎಂಡೋಸ್ಕೋಪಿ ರೂಮುಗಳೇ ತುಂಬಬೇಕು. ನಾಳೆಯ ಲಿಸ್ಟಿನಲ್ಲಿ ಅಂಥ ಒಬ್ಬ ರೋಗಿ ಇದ್ದರೆ, ಕವಾಟದ ಚಿತ್ರ ತೆಗೆಯುವುದನ್ನು ಮರೆಯಬೇಡಿ.