ಚಿರೋಟಿಯೂ ಕಸ್ಟರ್ಡೂ: ಒಂದು ಪಾಕಪಾಠ

ಕದ್ರಿಯ ಪರಿಸರದಲ್ಲಿ ಎತ್ತರದ ಗಾಜಿನ ಲೋಟವೆಂದೊಡನೆ ನೆನಪಾಗುವುದು ‘ಗಡ್‌ಬಡ್’. ಅದರ ಹೆಸರೇ ಗಡಿಬಿಡಿ. ಅಂಥದೇ ಲೋಟದಲ್ಲಿ ಚಿರೋಟಿ ಕಸ್ಟರ್ಡುಗಳನ್ನು ಪದರಪದರವಾಗಿ ಅಳವಡಿಸುವಾಗ ಮಾತ್ರ ಗಡಿಬಿಡಿ ಸಲ್ಲದು.

ಕಸ್ಟರ್ಡಿನಲ್ಲಿ ಮೊಟ್ಟೆಯಿದೆಯೆಂದು ಶಾಕಾಹಾರಿಗಳು ಶಂಕಿಸುವುದುಂಟು. ಪಾಶ್ಚಾತ್ಯರ ಮೂಲಪಾಕದ ಮಟ್ಟಿಗೆ ಶಂಕೆ ಯುಕ್ತವೇ. ಆದರೆ ಮೊಟ್ಟೆ ಒಗ್ಗದ ತನ್ನ ಪತ್ನಿಗಾಗಿ ಆಲ್‌ಫ್ರೆಡ್ ಬರ್ಡ್ ಎಂಬಾತನು 1837ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರೂಪಿಸಿದ ಪುಡಿಗೆ ಮೆಕ್ಕೆಜೋಳದ ಪಿಷ್ಟವೇ ಆಧಾರ. ಎರಡು ದೊಡ್ಡ ಚಮಚ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಸಕ್ಕರೆ ಹಾಕಿ ಕುದಿಸಿದ ಅರ್ಧ ಲೀಟರು ಹಾಲಿಗೆ ಬೆರೆಸಿ, ಕೈಬಿಡದೆ ತಿರುವಿ ಗಟ್ಟಿಯಾಗಿಸಬೇಕು. ಬಿಸಿಹಾಲಿಗೆ ಪುಡಿಯನ್ನೇ ಸುರಿದರೆ ಗಂಟುಕಟ್ಟುವುದು ನಿಶ್ಚಯ.

ಚಿರೋಟಿಯ ಪದರ ಬಿಡುವುದು ಸಾಟಿಯಿಂದ, ಎಂದರೆ ತುಪ್ಪದಲ್ಲಿ ಕಲಸಿದ ಅಕ್ಕಿಹಿಟ್ಟಿನಿಂದ. ತೆಳುವಾಗಿ ಲಟ್ಟಿಸಿದ ಹಾಳೆಗಳಿಗೆ ಇದನ್ನು ಸವರಿ, ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ, ತುಂಡರಿಸಿ, ಹಗುರಾಗಿ ಒತ್ತಿ ಕರಿಯುವರು. ಕಣಕದ ನೀರು ಆವಿಯಾಗಿ ಹಾಳೆಗಳನ್ನು ಮೇಲೆತ್ತುತ್ತದೆ. ತುಪ್ಪವು ಅವನ್ನು ಅಂಟಗೊಡದು. ಇಷ್ಟು ಶ್ರಮದಿಂದ ಬಿಡಿಸಿದ ಪದರಗಳು ಕರಾವಳಿಯ ತೇವದ ಗಾಳಿಗೇ ಮೆತ್ತಗಾಗುವಾಗ, ಕಸ್ಟರ್ಡಿನೊಳಗೆ ಎಷ್ಟು ಹೊತ್ತು ನಿಂತಾವು? ಆದುದರಿಂದ ಚಿರೋಟಿಯು ಬಿಗಿಮುಚ್ಚಳದ ಡಬ್ಬಿಯಲ್ಲಿರಲಿ, ಕಸ್ಟರ್ಡು ಬೇರೆಯಾಗಿ ತಣಿಯಲಿ.

ಬಾಳೆಹಣ್ಣು ಬೇಕಾದವರು ಸೇರಿಸಿಕೊಳ್ಳಬಹುದು. ನನ್ನ ಮತದಲ್ಲಿ ಅನಾವಶ್ಯಕ. ತಳಕ್ಕೆ ಮುರಿದ ಚಿರೋಟಿ, ಅದರ ಮೇಲೆ ಕಸ್ಟರ್ಡು, ಪುನಃ ಚಿರೋಟಿ. ಅತಿಥಿಗಳು ಪಂಕ್ತಿಯಲ್ಲಿ ಕುಳಿತ ಬಳಿಕವೇ ಲೋಟವನ್ನು ತುಂಬತಕ್ಕದ್ದು.