ಸವಳು-ಜವಳು ಹೊಲಕ್ಕೆ ಒಳಬಸಿಗಾಲುವೆ: ಗೆಲ್ಲುವ ಸೂತ್ರಗಳು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಮಿತ ನೀರಾವರಿಗೆಂದು ಗುರುತಿಸಿದ್ದ ಎರೆ ನೆಲಕ್ಕೂ ಆಮೇಲೆ ಭತ್ತ ಹಬ್ಬಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದ ತಗ್ಗಿನ ಹೊಲಗಳು ನೀರು ಬಸಿಯದೆ ಉಪ್ಪು ಮೇಲೇರಿ, ಇಂದು ಬೇಸಿಗೆ ಬಂದರೆ ಸುಣ್ಣ ಚೆಲ್ಲಿದಂತೆ ಬಿಳುಪೇರುತ್ತವೆ. ನೆಲದೊಳಗೆ ತೂತಿನ ಪೈಪ್ ಹೂತು ಉಪ್ಪುನೀರು ಬಸಿಯುವ ಒಳಬಸಿಗಾಲುವೆಯಿಂದ ಇಂಥ ನೆಲವನ್ನು ಮತ್ತೆ ಬೆಳೆಗೆ ತರಬಹುದು.

1. ಮೊದಲು ಗುಂಡಿ ತೋಡಿ. ಎರಡು ಮೀಟರ್ ಆಳಕ್ಕೆ ತೋಡಿ, ಮರುದಿನ ನೀರು ಎಲ್ಲಿಗೆ ನಿಂತಿದೆ ನೋಡಿ. ಮೇಲಿನಿಂದ ಒಂದು ಮೀಟರಿನೊಳಗೇ ನಿಂತಿದ್ದರೆ ಬೇರಿಗೆ ಉಸಿರಿಲ್ಲ.

2. ಮಣ್ಣು ಪರೀಕ್ಷೆ ಬಿಡಬೇಡಿ. ಇಸಿ (ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದರೆ ಉಪ್ಪಿನ ಸವಳು. ರಸಸಾರ 8.5 ಮೀರಿದ್ದರೆ ಕ್ಷಾರದ ಶಂಕೆ. ಕ್ಷಾರ ಖಚಿತವಾದರೆ ಜಿಪ್ಸಂ ಹಾಕದೆ ಬರೀ ಪೈಪ್ ಹೂತು ಫಲವಿಲ್ಲ. ಜೇಡಿ ಕದಡಿ ಕಟ್ಟಿಕೊಂಡು, ನೀರು ಪೈಪಿನ ತನಕ ಇಳಿಯುವುದೇ ಇಲ್ಲ.

3. ನೀರು ಹೋಗುವ ದಾರಿ ಮೊದಲು, ಪೈಪ್ ಆಮೇಲೆ. ಎಲ್ಲ ಸೂತ್ರಗಳಿಗಿಂತ ದೊಡ್ಡದು ಇದೇ. ಪೈಪಿನ ಬಾಯಿಗಿಂತ, ಬಸಿನೀರು ಸೇರುವ ಹಳ್ಳದ ನೀರಿನ ಮಟ್ಟ ಕೆಳಗಿರಬೇಕು. ಹಳ್ಳದಲ್ಲಿ ಹೂಳು, ಆಪು ತುಂಬಿದ್ದರೆ ಮೊದಲು ಅದನ್ನು ತೆಗೆಸಿ. ಇಲ್ಲವಾದರೆ ಮಳೆಗಾಲದಲ್ಲಿ ಹಳ್ಳದ ನೀರೇ ಹೊಲಕ್ಕೆ ನುಗ್ಗುತ್ತದೆ. ಬಸಿದ ನೀರು ಉಪ್ಪು; ಅದು ಊರಿನ ಕುಡಿಯುವ ನೀರಿನ ಕೆರೆ ಸೇರಕೂಡದು.

4. ಇಳಿಜಾರು ಕಣ್ಣಂದಾಜಿಗೆ ಬಿಡಬೇಡಿ. ನೂರು ಮೀಟರಿಗೆ 10ರಿಂದ 20 ಸೆಂಟಿಮೀಟರ್ ಇಳಿಜಾರು ಸಾಕು, ಆದರೆ ಅದು ಎಲ್ಲೂ ತಪ್ಪಬಾರದು. ತೂತಿನ ಪೈಪ್ ಒಂದು ಕಡೆ ಬೆರಳುದ್ದ ಕುಸಿದರೂ ಹೂಳು ಅಲ್ಲೇ ಕೂರುತ್ತದೆ. ಕೆಳಗಿನ ಬಾಯಿಯಿಂದ ಶುರುಮಾಡಿ ಮೇಲಕ್ಕೆ ಹೂಳುತ್ತಾ ಬನ್ನಿ, ಪ್ರತಿ ಹಂತದಲ್ಲೂ ಮಟ್ಟ ಅಳೆಯಿರಿ. ನುಣ್ಣನೆಯ ಮರಳಿರುವ ಕಡೆ ಪೈಪಿಗೆ ಸೋಸುಬಟ್ಟೆ ಸುತ್ತಲೇಬೇಕು.

5. ಆಳ ಸುಮಾರು ಒಂದು ಮೀಟರ್. ಸಾಲುಗಳ ಅಂತರ ಮಣ್ಣು ನೋಡಿ: ಜಿಗುಟು ಎರೆಯಲ್ಲಿ ಹತ್ತಿರ, ಮರಳು ಮಿಶ್ರಿತ ನೆಲದಲ್ಲಿ ದೂರ.

6. ಉಪ್ಪು ತೊಳೆಯಿರಿ. ಬದು ಗಟ್ಟಿಮಾಡಿ, ಕಾಲುವೆಯ ಸಿಹಿನೀರನ್ನು ಹೊಲದಲ್ಲಿ ನಿಲ್ಲಿಸಿ ಇಂಗಿಸಿ. ಆಮೇಲೆ ಹಸಿರೆಲೆ ಗೊಬ್ಬರದ ಡಯಂಚ ಬಿತ್ತಿ, ಬೆಳೆದ ಮೇಲೆ ಮಣ್ಣಿಗೆ ಸೇರಿಸಿ.

7. ಒಬ್ಬರೇ ಇಳಿಯಬೇಡಿ. ಮೇಲಿನ ಹೊಲದ ಬಸಿನೀರು ಕೆಳಗಿನವರ ತಗ್ಗಿಗೇ ಬರುತ್ತದೆ. ಒಂದು ತೂಬಿನಡಿಯ ರೈತರೆಲ್ಲ ಕೂಡಿದರೆ ಮಾತ್ರ ಖರ್ಚೂ ಹಗುರ, ಫಲವೂ ಗಟ್ಟಿ.

8. ಪೈಪ್ ಹೋದ ದಾರಿಯ ನಕ್ಷೆ ಇಟ್ಟುಕೊಳ್ಳಿ, ಬಾಯಿಗೆ ಜಾಲರಿ ಹಾಕಿಸಿ.

ಕಾಲುವೆಗೆ ನೀರು ನಿಲ್ಲಿಸುವ ಬೇಸಿಗೆಯೇ ಪೈಪ್ ಹೂಳುವ ಕೆಲಸಕ್ಕೆ ಸಕಾಲ. ಅಕ್ಕಪಕ್ಕದ ಹೊಲದವರನ್ನು ಈಗಲೇ ಮಾತಾಡಿಸಿ.